ಹೆಸರಿನ ಜಾಗದಲ್ಲಿ ಢೋಲಕ್

ನವೆಂಬರ್ 23, 1997. ಭಾನುವಾರ

ಅಂಗಡಿಗೆ ಪಂಪ್‌ಸೆಟ್ ಕಂಪನಿಯವರು ಕೊಟ್ಟ ಡೈರಿ ವರ್ಷವೆಲ್ಲ ಖಾಲಿ ಬಿದ್ದಿತ್ತು. ಅವರು, ಅಂದರೆ ನಮ್ಮ ಮನೆಯವರು, ಮೊದಲ ಪುಟದಲ್ಲಿ ಏನೋ ಫೋನ್ ನಂಬರು ಗೀಚಿ ಬಿಟ್ಟಿದ್ದಾರೆ. ಉಳಿದದ್ದು ನನ್ನದು. ಮಲೆಬೆನ್ನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಯಾರಿಗೂ ಹೇಳಲಾಗದ ಮಾತಿದ್ದರೆ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹೇಳುತ್ತಿದ್ದರು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಈ ಮನೆಯಲ್ಲಿ ಬೀಸುಕಲ್ಲಿಲ್ಲ, ಮಿಕ್ಸಿ ಇದೆ. ಅದು ಯಾರ ಮಾತನ್ನೂ ಕೇಳುವುದಿಲ್ಲ, ತಾನೇ ಕೂಗುತ್ತದೆ. ಹಾಗಾಗಿ ಈ ಡೈರಿ.

ಇವತ್ತಿನ ಸುದ್ದಿ ಇದು. ನಮ್ಮ ಭಜನಾ ಮಂಡಳಿಗೆ ಬಸವಕಿರಣ್ ಸರ್ ಬಂದಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರು. ದಾವಣಗೆರೆ ಜಿಲ್ಲೆಯಾದ ಮೇಲೆ ಎಲ್ಲದಕ್ಕೂ ಒಂದು ಜಿಲ್ಲಾ ಸಮಾವೇಶ ಆಗಬೇಕಲ್ಲ. ಮಾರ್ಚಿ ತಿಂಗಳಲ್ಲಿ ಹರಿಹರದಲ್ಲಿ ಹೆಂಗಸರದ್ದೂ ಒಂದಂತೆ. ಅದಕ್ಕೊಂದು ಹಾಡಿನ ಕ್ಯಾಸೆಟ್ಟು. ಹಾಡುವುದಕ್ಕೆ ನಾವು. ಈಗ ಟಿ.ವಿ.ಯಲ್ಲಿ, ರೇಡಿಯೋದಲ್ಲಿ, ಗಣಪತಿ ಮುಂದಿನ ಆರ್ಕೆಸ್ಟ್ರಾದಲ್ಲಿ, ಎಲ್ಲಿ ನೋಡಿದರೂ ಇಂಥದ್ದೇ ಹಾಡು: ಹೆಣ್ಣೇ ಏಳು, ಹೆಣ್ಣೇ ಎದ್ದೇಳು. ನಸುಕಿಗೇ ಎದ್ದು ಕೂತವಳನ್ನು ಇವರು ಮತ್ತೆ ಮತ್ತೆ ಎಬ್ಬಿಸುತ್ತಾರೆ.

ಸರ್ ತಾವೇ ಬರೆದದ್ದನ್ನು ಓದಿದರು. "ಸೆರಗು ಬಿಗಿದು ಸಿಡಿಲಾಗು, ಸಬಲೆ ನೀನು ಕಡಲಾಗು."

ಪಕ್ಕದ ಮನೆಯ ನಾಗಕ್ಕ ಸುಮ್ಮನಿರುವವಳಲ್ಲ. "ಸರ್, ಸಿಡ್ಲೂ ಆಗ್ತೀವಿ, ಕಡ್ಲೂ ಆಗ್ತೀವಿ. ನಲ್ಲಿ ನೀರು ಬಂದಾಗ ಕೊಡ ಹಿಡಿಯೋರ್ಯಾರು?"

"ಅದು ರೂಪಕ ಅಮ್ಮಾ."

"ರೂಪಕ ಬಂದು ಹಿಡೀತಾನಾ? ಹಂಗಾದ್ರ ಚಿಂತಿಲ್ಲ ಬಿಡ್ರಿ."

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅವರಿಗೆ ಹೇಳಿದೆ. "ಭಜನೆ ತಾನೆ?" ಅಂದರು. "ಭಜನೆಯಂಥಾದ್ದೇ" ಅಂದೆ. "ಹೋಗಿ ಬಾ" ಅಂದರು. ಅತ್ತೆ ಮಾತ್ರ ತಟ್ಟೆಯಿಂದ ತಲೆ ಎತ್ತದೆ, "ಬಾಯಿಂದ ಹೋದ ದನಿ ಕ್ಯಾಸೆಟ್ಟಿಗೆ ಹೊಕ್ಕರೆ ಮತ್ತೆ ಬಾಯಿಗೆ ಬರ್ತೈತೇನು?" ಅಂದರು.

ಡಿಸೆಂಬರ್ 7. ಭಾನುವಾರ

ನಗುವೂ ಬರುತ್ತಿದೆ, ಹೆದರಿಕೆಯೂ ಆಗುತ್ತಿದೆ. ಕ್ರಮವಾಗಿ ಬರೆಯುತ್ತೇನೆ.

ಕೆ.ಬಿ. ಬಡಾವಣೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಅಕೀಬ್‌ನ ರೆಕಾರ್ಡಿಂಗ್ ರೂಮು. ಮೂವತ್ತು ದಾಟಿರದ ಹುಡುಗ, ಎಲ್ಲರನ್ನೂ ಅಕ್ಕಾ ಅನ್ನುತ್ತಾನೆ. ಗೋಡೆಗೆಲ್ಲ ಗೋಣಿಚೀಲ, ಮೊಟ್ಟೆ ಇಡುವ ರಟ್ಟು. ಕಿಟಕಿಯಂಥ ಗಾಜಿನ ಆಚೆ ಅವನು, ಈಚೆ ನಾವು. ಸಿಡಿಲು-ಕಡಲು ಹಾಡನ್ನು ಬೆಳಿಗ್ಗೆಯಿಂದ ಹಾಡಿದೆವು. ನಾಗಕ್ಕ ಪ್ರತಿ ಸಲ "ಕಡಲಾಗು" ಅನ್ನುವ ಕಡೆ "ಕಡಲೆಕಾಯಿ" ಅನ್ನುತ್ತಿದ್ದಳು. ಕರೆಂಟು ಹೋಯಿತು, ಬಂತು. ಮತ್ತೆ ಶುರು ಮಾಡುವ ಮುಂಚೆ ಅಕೀಬ್ ನನ್ನ ಮೈಕು ಸರಿಮಾಡಿ ಗಾಜಿನ ಆಚೆ ಹೋಗಿ ಕೂಗಿದ: "ಅಕ್ಕಾ, ಹೆಸರು ಹೇಳ್ರಿ."

ಪಾಪ, ಮೈಕಿನಲ್ಲಿ ದನಿ ಎಷ್ಟು ಬರುತ್ತದೆ ನೋಡುವುದಕ್ಕೆ ನನ್ನ ಹೆಸರು ಹೇಳಲಿ ಅಂತ ಅವನ ಲೆಕ್ಕ. ಆದರೆ ನಮ್ಮ ಕಡೆಯ ಹೆಂಗಸಿಗೆ ನಾಲ್ಕು ಜನರ ನಡುವೆ "ಹೆಸರು ಹೇಳು" ಅಂದರೆ ಒಂದೇ ಅರ್ಥ. ಗಂಡನ ಹೆಸರನ್ನು ಬರಿದೇ ಬಾಯಲ್ಲಿ ಆಡಬಾರದು. ಮದುವೆ, ಸೀಮಂತದಲ್ಲಿ ಹೊಸ್ತಿಲಿಗೆ ಅಡ್ಡ ನಿಂತು ಕೇಳಿದಾಗ ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು ಹೇಳಬೇಕು. ನಮ್ಮವ್ವ ಒಡಪು ಹಾಕುವುದರಲ್ಲಿ ಹೆಸರುವಾಸಿ. ಅಭ್ಯಾಸಬಲ ನೋಡಿ, ನನ್ನ ಬಾಯಿ ತಾನೇ ರಾಗ ಎಳೆಯಿತು:

"ಹೊಳಿಯಿಂದ ತಂದೀನಿ ಹಿತ್ತಾಳಿ ಬಿಂದಿಗಿ ನೀರ..."

ಅಕೀಬ್ ಎರಡೂ ಕೈ ಆಡಿಸಿದ. "ಅರೆ, ಅಣ್ಣಾರ ಹೆಸರಲ್ಲಕ್ಕಾ, ನಿಮ್ದು! ನಿಮ್ಮ ಹೆಸರು!"

ಅರ್ಧಕ್ಕೆ ನಿಂತ ಒಡಪು ಗಂಟಲಲ್ಲಿ ಸಿಕ್ಕ ರೊಟ್ಟಿಯ ಹಾಗೆ. ನುಂಗಬೇಕು, ಇಲ್ಲ ಉಗುಳಬೇಕು. ನಾನು ಮುಗಿಸಿಬಿಟ್ಟೆ:

"ಹೊತ್ತಾಕಿ ನಾನಾದ್ರ ಹೆಸರ್ಯಾಕ ಬ್ಯಾರೇರ?
ಕೇಳ್ರಿ ನನ್ನ ಹೆಸರ, ಕಸ್ತೂರ!"

ಪ್ರಾಸಕ್ಕೆ ಕಸ್ತೂರಿ ಹೋಗಿ ಕಸ್ತೂರ ಆದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾಗಕ್ಕ ನನ್ನ ಬೆನ್ನಿಗೆ ಗುದ್ದಿದಳು. ಗಾಜಿನ ಆಚೆ ಅಕೀಬ್ ನಗಲಿಲ್ಲ. ಟೇಪು ತಿರುಗುತ್ತಲೇ ಇತ್ತು.

ಹೊರಗೆ ಬಂದು, "ಸರ್, ನಿಮ್ಮ ಹಾಡು ಒಂದನೇ ಸೈಡಿಗೆ ಇರ್ಲಿ. ಎರಡನೇ ಸೈಡಿಗೆ ಇದು" ಅಂದ. ಬಸವಕಿರಣ್ ಸರ್ ಮುಖ ಸ್ವಲ್ಪ ಚಿಕ್ಕದಾಯಿತು. "ಇದರಲ್ಲಿ ಸಂದೇಶ ಏನಿದೆ?" ಅಂದರು. ನಾಗಕ್ಕ ಆಗಲೇ ಇನ್ನೊಂದು ಒಡಪು ಶುರು ಮಾಡಿದ್ದಳು. ಇನ್ನಷ್ಟು ಒಡಪು ಸೇರಿಸಿ, ಢೋಲಕ್ಕು ಕೂಡಿಸಿ ಸಂಜೆಯೊಳಗೆ ಹಾಡು ಮಾಡಿಬಿಟ್ಟರು.

ಡಿಸೆಂಬರ್ 9

ನಯನಾ ಹಿಂದಿನಿಂದ ಬಂದು ಇಣುಕಿದಳು. ಪಿ.ಯು.ಸಿ.ಗೆ ಬಂದ ಮೇಲೆ ಮಗಳು ಮಗಳಲ್ಲ, ಇನ್‌ಸ್ಪೆಕ್ಟರು.

"ಅಮ್ಮಾ, ಡೈರಿಯಾಗೂ 'ಅವರು' ಅಂತ ಬರೀತೀಯಲ್ಲ? ಇಲ್ಲಿ ಯಾರು ಕೇಳ್ತಾರೆ? ಬರಿ, ನಾಗಭೂಷಣ."

"ಏ ಹೋಗೆ. ಕೈ ಏಳಲ್ಲ."

ನಿಜವಾಗಿಯೂ ಏಳುವುದಿಲ್ಲ. ಮೇಲೆ ಬರೆದದ್ದು ಅವಳ ಮಾತು, ನನ್ನದಲ್ಲ. ಅವರೂ ನನ್ನನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. "ನಯನಾ" ಅಂತ ಕೂಗಿದರೆ ದನಿಯ ಮೇಲಿಂದ ಗೊತ್ತಾಗುತ್ತದೆ, ಮಗಳನ್ನೋ ನನ್ನನ್ನೋ ಅಂತ. ಟೀ ಬೇಕಾದರೆ ನಾನು.

ಹಾಡಿನ ವಿಷಯ ಅವರಿಗೆ ಪೂರ್ತಿ ಹೇಳಿಲ್ಲ.

ಜನವರಿ 15, 1998

ಸಂಕ್ರಾಂತಿ ಮುಗಿಯಿತು. ಡೈರಿಯೂ ಹೊಸದು, ಅದೇ ಕಂಪನಿಯದ್ದು.

ಹೂವು ತರಲು ಹೋಗಿದ್ದೆ. ಆಟೋ ಒಂದು ಪಕ್ಕದಲ್ಲೇ ನಿಂತಿತು. ಒಳಗಿನಿಂದ ಯಾರೋ ಹೆಂಗಸು ಜೋರಾಗಿ, ಹೆದರಿಕೆಯೇ ಇಲ್ಲದವಳ ಹಾಗೆ ಹಾಡುತ್ತಿದ್ದಳು. ಎಷ್ಟು ಧೈರ್ಯ ಇವಳಿಗೆ ಅಂದುಕೊಂಡೆ. "ಕೇಳ್ರಿ ನನ್ನ ಹೆಸರ" ಅಂದ ಮೇಲೆ ಗೊತ್ತಾಯಿತು, ನಾನೇ.

ಹೂವಿನ ಫಕ್ರುನ್ನೀಸಾ ಮೊಳ ಹಾಕುತ್ತಾ ತಲೆ ಕುಣಿಸುತ್ತಿದ್ದಳು. "ಈ ಹಾಡು ಕೇಳೀರೇನ್ರಿ ಅಕ್ಕಾ? ಕಸ್ತೂರ ಅಂತೆ. ಭಾರಿ ಜೋರದಾಳೆ ಆಕಿ."

"ಹೌದಾ" ಅಂದೆ. ಮನೆಗೆ ಬರುವವರೆಗೆ ಸೆರಗು ತಲೆ ಮೇಲಿತ್ತು. ಕ್ಯಾಸೆಟ್ಟಿನ ಮೇಲೆ ಬರೀ "ಬಸವಕಿರಣ್ ಮತ್ತು ಸಂಗಡಿಗರು" ಅಂತ ಹಾಕಿದ್ದಾರೆ, ಅದೇ ಪುಣ್ಯ. ಒಳಗಿನ ಹೆಸರೊಂದೇ ನನ್ನದು. ದಾವಣಗೆರೆಯಲ್ಲಿ ಎಷ್ಟು ಜನ ಕಸ್ತೂರಿಯರಿಲ್ಲ.

ಜನವರಿ 25

ಅವರಿಗೆ ಗೊತ್ತಾಗಿದೆ. ಪೇಟೆಗೇ ಗೊತ್ತಾಗಿದೆ. ನಾಗಕ್ಕನ ಬಾಯಿ ನಲ್ಲಿಯಲ್ಲ, ಗದ್ದೆಗೆ ನೀರು ಬಿಟ್ಟ ಚಾನೆಲ್ಲು.

ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯಲಿಲ್ಲ. ಅಂಗಡಿಯಲ್ಲಿ ಏನಾಯಿತು ಅಂತ ಅತ್ತೆಯ ಮುಂದೆ ಹೇಳಿದರು, ನನ್ನ ಮುಂದಲ್ಲ. ನಾನು ಬಾಗಿಲ ಹಿಂದೆ ಇದ್ದೆ. ಎದುರು ಅಂಗಡಿಯ ಮಾರಣ್ಣ ಶುರು ಮಾಡಿದನಂತೆ. "ನಾಗಭೂಷಣಣ್ಣ, ಬೋರ್ಡಿನಾಗ ಯಾರ ಹೆಸರು ಬರಸೀರಿ? ನಿಮ್ದೋ, ಬ್ಯಾರೇರದೋ?" ಹಾಡಿನಲ್ಲಿ ಬರುವ 'ಬ್ಯಾರೇರು' ಅಂದರೆ ಇವರೇ ಅಂತ ಹಬ್ಬಿತು. ಹಮಾಲರು "ಬ್ಯಾರೇರು ಬಂದ್ರು, ದಾರಿ ಬಿಡ್ರಿ" ಅನ್ನುತ್ತಾರಂತೆ. ಮಲೆಬೆನ್ನೂರಿನಿಂದ ಪಂಪು ರಿಪೇರಿಗೆ ಬಂದ ರೈತ, ತಮಾಷೆ ಗೊತ್ತಿಲ್ಲದವನು, ಕೈಮುಗಿದು "ಬ್ಯಾರೇರ ನಾಗಭೂಷಣಪ್ಪಾರ ಅಂಗಡಿ ಇದೇ ಏನ್ರಿ?" ಅಂತ ಕೇಳಿದನಂತೆ.

ಬಾಗಿಲ ಹಿಂದೆ ನನಗೆ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ಅವರ ಬೆನ್ನು ಕಾಣಿಸಿತು. ಬೆವರಿಗೆ ಅಂಗಿ ಅಂಟಿತ್ತು. ನಗು ಹೋಯಿತು.

ಅತ್ತೆ ಅಂದರು: "ಹೆಂಗಸಿನ ಹೆಸರು ಅಂದ್ರ ದೇವರ ಕೋಣಿ ದೀಪ ಇದ್ದಂಗ. ಬೀದಿಯಾಗಿಟ್ರ ಗಾಳಿ ಸುಮ್ನೆ ಬಿಡ್ತೈತೇನು?"

ಜನವರಿ 28

ಯಾರೂ ಮಾತಾಡುತ್ತಿಲ್ಲ. ಮಿಕ್ಸಿ ಒಂದೇ.

ಫೆಬ್ರವರಿ 3

ಇವತ್ತು ಅವರೇ ಮಾತು ತೆಗೆದರು. ಸಿಟ್ಟಿನಿಂದಲ್ಲ. ಅವರು ಸಿಟ್ಟಿನ ಮನುಷ್ಯ ಅಲ್ಲ, ಅದೇ ಕಷ್ಟ. ಸಿಟ್ಟು ಮಾಡಿದ್ದರೆ ನಾನೂ ಮಾಡುತ್ತಿದ್ದೆ.

"ಹಾಡು ಇರ್ಲಿ, ಚಲೋ ಐತೆ. ಹೆಸರೊಂದು ಬ್ಯಾಡ. ಅಕೀಬ್ ಹತ್ರ ಮಾತಾಡೀನಿ, ಮುಂದಿನ ಕ್ಯಾಸೆಟ್ಟಿನಾಗ ತಗೀತಾನೆ."

"ಹೆಸರು ತಗದ್ರ ಆ ಹಾಡಿನಾಗ ಏನ್ ಉಳೀತೈತ್ರಿ?"

"ಮಹಿಳೆ ಉಳೀತಾಳಲ್ಲ. ಮಹಿಳೆ ಅಂದ್ರ ಯಾರೂ ಏನೂ ಅನ್ನಲ್ಲ."

ಈ ಮಾತು ಸಂಜೆಯವರೆಗೆ ತಲೆಯಲ್ಲಿ ತಿರುಗಿತು. ಬಸವಕಿರಣ್ ಸರ್ ಹಾಡಿಗೆ ಯಾರೂ ಏನೂ ಅನ್ನಲಿಲ್ಲ, ನಿಜ. ಅದರಲ್ಲಿ ಸಿಡಿಲು ಇದೆ, ಕಡಲು ಇದೆ, ದುರ್ಗಿ ಇದ್ದಾಳೆ. ದುರ್ಗಿಗೆ ಪೇಟೆಯಲ್ಲಿ ಅಂಗಡಿ ಇಟ್ಟ ಗಂಡ ಇಲ್ಲ.

ಅಕೀಬ್ ಮನೆಗೇ ಬಂದಿದ್ದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. "ಅಕ್ಕಾ, ಹಾಡಿದವರು ನೀವು. ನೀವು ಬ್ಯಾಡ ಅಂದ್ರ ನಾ ಬಿಲ್ಕುಲ್ ಮುಟ್ಟಲ್ಲ. ಮುಟ್ಟೋದಾದ್ರೂ ಪದ ಕತ್ತರಿಸಿದ್ರ ತಾಳ ಕೆಡ್ತೈತೆ. ಅದರ ಮೇಲೆ ಢೋಲಕ್ ಹಾಕ್ತೀನಿ. ಹೆಸರು ಅಡೀಗೇ ಇರ್ತೈತೆ, ಕೇಳ್ಸಲ್ಲ ಅಷ್ಟೆ."

ಒಳಗೆ ಅತ್ತೆ ಕೆಮ್ಮಿದರು. ನಾನು, "ನಿಮಗೆ ತಿಳಿದಂಗ ಮಾಡ್ರಿ" ಅಂದೆ.

ಬ್ಯಾಡ ಅನ್ನಬೇಕಿತ್ತು. ಎರಡಕ್ಷರ. ಮೈಕಿನ ಮುಂದೆ ಅಷ್ಟು ಸರಾಗವಾಗಿ ಓಡಿದ ಬಾಯಿ ನಮ್ಮ ಹೊಸ್ತಿಲಲ್ಲಿ ಎಡವಿತು. ಹಾಡಿನಲ್ಲಿ ಕೇಳಿದ ಆ ಜೋರಿನವಳು ಯಾರು ಹಾಗಾದರೆ?

ಫೆಬ್ರವರಿ 12

ಹೊಸ ಕ್ಯಾಸೆಟ್ಟು ಕೇಳಿದೆ. "ಕೇಳ್ರಿ ನನ್ನ ಹೆಸರ, ಢಣ್ ಢಣ್ ಢಣ್."

ಚೆನ್ನಾಗಿ ಬಾರಿಸಿದ್ದಾನೆ.

ಫೆಬ್ರವರಿ 22. ಭಾನುವಾರ

ಅಕ್ಕನ ಮಗಳ ಸೀಮಂತಕ್ಕೆ ಊರಿಗೆ ಹೊರಟಿದ್ದೆ. ನಾನೊಬ್ಬಳೇ. ಅಂಗಡಿ, ಪರೀಕ್ಷೆ ಅಂತ ಮನೆಯವರು ಬರಲಿಲ್ಲ. ಹರಿಹರದಲ್ಲಿ ಮಲೆಬೆನ್ನೂರಿನ ಪ್ರೈವೇಟ್ ಬಸ್ಸು ಹತ್ತಿದೆ. ಪೇಟೆ ಮುಗಿಸಿ ಹಳ್ಳಿಗಳಿಗೆ ಹಿಂದಿರುಗುವ ಹೆಂಗಸರೇ ತುಂಬಿದ್ದರು. ಸೇತುವೆ ದಾಟುವಾಗ ಡ್ರೈವರು ಕ್ಯಾಸೆಟ್ಟು ಹಾಕಿದ. ಅದೇ. ನಾನು ಕಿಟಕಿಯ ಕಡೆ ತಿರುಗಿ ಹೊಳೆ ನೋಡುತ್ತಾ ಕೂತೆ.

ಹಾಡು ಹೆಸರಿನ ಹತ್ತಿರ ಬಂತು. ಢಣ್ ಢಣ್ ಢಣ್ ಅನ್ನಬೇಕು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ಖತೀಜೂರ!"

ಬಸ್ಸು ಘೊಳ್ಳೆಂದು ನಕ್ಕಿತು. ತಿರುಗಿ ನೋಡಿದೆ. ಬಳೆ ಬುಟ್ಟಿ ತೊಡೆ ಮೇಲಿಟ್ಟುಕೊಂಡ ಖತೀಜಾಬೀ ಎನ್ನುವ ಮುದುಕಿ, ಬಾಯಿ ತುಂಬ ಎಲೆ ಅಡಿಕೆ. ಇದು ಬಸ್ಸಿನ ಹೆಂಗಸರಿಗೆ ಹೊಸದಲ್ಲ ಅಂತ ಕಾಣುತ್ತದೆ. ಮುಂದಿನ ಸಲ ಬಂದಾಗ ಬಾಗಿಲ ಬಳಿಯವಳು "ಗಿರಿಜೂರ" ಅಂದಳು. ಆಮೇಲೆ "ಸಾವಿತ್ರೂರ." ಬೀರವ್ವ ಅನ್ನುವವಳು ಗಂಟಲು ಸರಿಮಾಡಿಕೊಂಡು "ಬೀರೂರ!" ಅಂದಾಗ ಕಂಡಕ್ಟರ್ ಸುಮ್ಮನಿರಲಿಲ್ಲ: "ಅವ್ವಾ, ಬೀರೂರಾದ್ರ ಟ್ರೈನ್ ಹತ್ತಬೇಕು. ಈ ಬಸ್ಸು ಹೋಗಲ್ಲ."

"ನಾ ಎಲ್ಲಿಗೆ ಹೋಗ್ಬೇಕು ಅಂತ ನಿನ್ನ ಕೇಳಿಲ್ಲೋ ತಮ್ಮಾ, ಮೊದ್ಲು ಚಿಲ್ರೆ ಕೊಡು."

ಹಾಡು ಮುಗಿದರೆ ತಿರುಗಿಸಿ ಹಾಕಿಸಿದರು. ಢೋಲಕ್ಕು ಬಾರಿಸಿದ ಜಾಗ ಅವರಿಗೆ ಮುಚ್ಚಿದ ಬಾಗಿಲಿನ ಹಾಗೆ ಕಂಡಿರಲೇ ಇಲ್ಲ. ಯಾರೋ ತಮಗೆಂದು ಖಾಲಿ ಬಿಟ್ಟ ಸೀಟು ಅಂದುಕೊಂಡಿದ್ದರು. ಒಬ್ಬೊಬ್ಬರೇ ಬಂದು ಕೂತರು.

ಖತೀಜಾಬೀ ನನ್ನ ಭುಜ ತಟ್ಟಿದಳು. "ಸಿಟಿಯವ್ವಾ, ನೀ ಒಬ್ಳೇ ಉಳಿದೆ. ನಿನ್ನ ಹೆಸರೇನು?"

ಎಲ್ಲರೂ ನೋಡುತ್ತಿದ್ದರು. ಹಾಡು ಹತ್ತಿರ ಬಂತು. ಢೋಲಕ್ಕಿಗಿಂತ ಮೊದಲೇ ಅಂದುಬಿಟ್ಟೆ: "ಕಸ್ತೂರ."

"ಏ ಇವ್ಳ ನೋಡ್ರಿ!" ಅಂದಳು ಬೀರವ್ವ. "ಆಕೀದು ಎಷ್ಟು ಚಂದ ಕೂಡ್ತು! ಹಾಡಿಗೇ ಅಂತ ಇಟ್ಟಂಗೈತೆ ಹೆಸರು."

ನಾನೇ ಹಾಡಿದ್ದು ಅಂತ ಹೇಳಬೇಕು ಅನ್ನಿಸಿತು. ನಾಲಿಗೆ ತುದಿಯವರೆಗೂ ಬಂತು. ಹೇಳಿದ್ದರೆ ಹಾಡು ಮತ್ತೆ ನನ್ನ ಒಬ್ಬಳದ್ದೇ ಆಗುತ್ತಿತ್ತು. ಅದರಲ್ಲೂ ಆಸೆ ಇತ್ತು, ಸುಳ್ಳು ಯಾಕೆ ಬರೆಯಲಿ. ಅಷ್ಟರಲ್ಲಿ ಯಾರೋ "ಇನ್ನೊಂದ್ಸಲ ಹಾಕಪ್ಪೋ" ಅಂದರು. ಸುಮ್ಮನೆ ಕೂತು ಅವರ ಜೊತೆ ಚಪ್ಪಾಳೆ ತಟ್ಟಿದೆ.

ಮಾರ್ಚ್ 8. ಭಾನುವಾರ

ಹರಿಹರದ ಸಮಾವೇಶ ಮುಗಿಸಿ ಬಂದು ಕಾಲು ಚಾಚಿದ್ದೇನೆ. ಮರೆಯುವ ಮೊದಲು ಬರೆದುಬಿಡಬೇಕು.

ನಾಗಭೂಷಣ ಅಂಗಡಿ ಮುಚ್ಚಿ ತಾವೂ ಬಂದಿದ್ದರು. ಮಾರಣ್ಣನ ಹೆಂಡತಿಯೇ ಬಸ್ಸಿನಲ್ಲಿ ತನ್ನ ಹೆಸರು ಹಾಕಿ ಹಾಡಿದಳು ಅಂತ ಪೇಟೆಯಲ್ಲಿ ಸುದ್ದಿಯಾದ ಮೇಲೆ ಇವರಿಗೆ ಉಸಿರು ಬಂದಿದೆ. ಈಗ ಪೇಟೆ ತುಂಬ ಬ್ಯಾರೇರೇ. ದಾರಿಯಲ್ಲಿ, "ಇವತ್ತು ಬೇಕಾದ್ರ ನಿನ್ನ ಹೆಸರು ಹೇಳ್ಕೋ. ಈಗೇನು ತೊಂದ್ರಿಲ್ಲ" ಅಂದರು. ಅಪ್ಪಣೆ ಕೊಟ್ಟದ್ದಕ್ಕೆ ಅವರಿಗೆ ಖುಷಿ ಇತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಕೇಳಿರಲಿಲ್ಲ. ಅದನ್ನೇ ಹೇಳಿದೆ: "ನಾ ಕೇಳಿಲ್ಲಲ್ರಿ."

"ಏನು?"

"ಹೇಳಲೋ ಬ್ಯಾಡೋ ಅಂತ."

ಟವೆಲಿನಿಂದ ಕತ್ತು ಒರೆಸಿಕೊಂಡರು. ಆಮೇಲೆ, "ಬಿಸಿಲು ಭಾಳ ಐತೆ, ಸೆರಗು ಹೊದ್ಕೋ" ಅಂದರು. ಅವರ ಸೋಲು ಹಾಗೆಯೇ, ಹವಾಮಾನದ ಕಡೆ ಹೋಗುತ್ತದೆ.

ಮೊದಲು ಸಿಡಿಲು-ಕಡಲು ಹಾಡಿದೆವು. ಜನ ಮರ್ಯಾದೆಗೆ ತಟ್ಟಿದರು. ಆಮೇಲೆ ಹಿಂದಿನಿಂದ ಕೂಗು ಶುರುವಾಯಿತು, ಬಿಂದಿಗಿ ಹಾಡು, ಬಿಂದಿಗಿ ಹಾಡು ಅಂತ. ಬಸವಕಿರಣ್ ಸರ್ ಕೈಚೆಲ್ಲಿದರು. ನಾನು ಹಾಡಿದೆ. ಹೆಸರಿನ ಜಾಗದಲ್ಲಿ ಮೊದಲ ಸಲ ಕಸ್ತೂರ ಅಂದೆ, ಸ್ಪಷ್ಟವಾಗಿ. ಅಷ್ಟು ಸಾಕಾಯಿತು. ಎರಡನೆಯ ಸಲ ಬರುವಾಗ ಢೋಲಕ್ಕಿನವನ ಕಡೆ ತಿರುಗಿ ಕೈ ಎತ್ತು ಅಂತ ಸನ್ನೆ ಮಾಡಿದೆ. ಅವನು ಗಾಬರಿಯಾಗಿ ಎರಡೂ ಕೈ ಎತ್ತಿದ, ಪೊಲೀಸರು ಹಿಡಿದ ಹಾಗೆ. ನಾನು ಮೈಕನ್ನು ಜನರ ಕಡೆ ಹಿಡಿದೆ.

ಪೆಂಡಾಲಿನ ಹೆಂಗಸರೆಲ್ಲ ಒಟ್ಟಿಗೇ ತಂತಮ್ಮ ಹೆಸರು ಕೂಗಿದರು. ಸಂತೆಯ ಗದ್ದಲ. ಪ್ರಾಸ ಇಲ್ಲ, ತಾಳ ಇಲ್ಲ. ಒಂದು ಹೆಸರೂ ತಿಳಿಯಲಿಲ್ಲ.

ಕೆಳಗಿಳಿದ ಮೇಲೆ ಬಸವಕಿರಣ್ ಸರ್ ಬೇಸರದಿಂದ, "ಎಲ್ಲರೂ ಒಟ್ಟಿಗೆ ಕೂಗಿದ್ರೆ ಹೇಗಮ್ಮಾ? ಯಾರ ಹೆಸರೂ ಕೇಳಿಸಲಿಲ್ಲ" ಅಂದರು.

"ನಂದು ನನಗ ಕೇಳಿಸ್ತು ಬಿಡ್ರಿ ಸರ್" ಅಂದಳು ನಾಗಕ್ಕ.

ಮಾರ್ಚ್ 10

ಬೆಳಿಗ್ಗೆ ಹಾಲು ತೆಗೆದುಕೊಂಡು ಅಡುಗೆಮನೆಗೆ ಹೋದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ತಟ್ಟುವ ಸದ್ದು ಎಂದಿನಂತಿರಲಿಲ್ಲ. ಕಿವಿಗೊಟ್ಟೆ. ಒಳದನಿಯಲ್ಲಿ ಹಾಡುತ್ತಿದ್ದರು. ಮಗನ ಮರ್ಯಾದೆ ಹೋಯಿತು ಅಂತ ಒಂದೂವರೆ ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡದ ಅತ್ತೆ!

"ಹೊತ್ತಾಕಿ ನಾನಾದ್ರ ಹೆಸರ್ಯಾಕ ಬ್ಯಾರೇರ..."

ಕೈ ನಿಂತಿತು. "ಬಂಗಾರ" ಅಂದರು. ಮತ್ತೆ ತಟ್ಟಿದರು.

ಅತ್ತೆಯ ಹೆಸರು ಪಾರ್ವತಮ್ಮ. ನನಗೆ ತಮಾಷೆ ಅನ್ನಿಸಿತು. "ಏನತ್ತೀ, ಪಾರ್ವತಿ ಅಂದ್ರ ಕೂಡಲ್ಲ ಅಂತ ಬಂಗಾರ ಹಾಕಿದ್ರೇನು?"

ಅತ್ತೆ ಬೆಚ್ಚಲಿಲ್ಲ. ಹಿಟ್ಟಿನ ಕೈಯಲ್ಲೇ ರೊಟ್ಟಿ ತಿರುವಿದರು. "ಹಾಕೋದೇನು ಬಂತು. ನಂದೇ ಅದು. ನಮ್ಮಪ್ಪ ಇಟ್ಟದ್ದು, ಬಂಗಾರವ್ವ ಅಂತ."

"ಮತ್ತೆ ಪಾರ್ವತಮ್ಮ?"

"ಈ ಮನೀಗೆ ಬಂದೆ. ನಮ್ಮತ್ತೀ ಹೆಸರೂ ಬಂಗಾರವ್ವ ಅಂತಾನೇ ಇತ್ತು. ಗಂಡ ಆದವ ಹೆಂಡ್ತಿನ ಕರೆಯಾಕ ಹೋದ್ರ ತಾಯಿನ ಕರದಂಗ ಆಗ್ತೈತಂತ, ಮದುವ್ಯಾಗ ತಟ್ಟ್ಯಾಗಿನ ಅಕ್ಕಿ ಮೇಲೆ ಹೊಸ ಹೆಸರು ಪಾರ್ವತಿ ಅಂತ ಬರೆಸಿದ್ರು. ಬರೆದದ್ದು ನಿಮ್ಮ ಮಾವನೇ. ನನಗ ಓದಾಕ ಬರ್ತಿರ್ಲಿಲ್ಲ. ಏನ್ ಬರೆದ್ರು ಅಂತ ಆಮ್ಯಾಲೆ ಯಾರೋ ಹೇಳಿದ್ರು."

"ಆಮೇಲೆ ಯಾರೂ ಕರೀಲೇ ಇಲ್ಲೇನ್ರಿ?"

"ತವರಿಗೆ ಹೋದಾಗ ಕರೀತಿದ್ರು. ಅವರೆಲ್ಲ ಹೋದ್ರಲ್ಲ." ಹೆಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರಿದರು. "ನೋಡು, ಇದು ಉಬ್ಬಿತು. ತಟ್ಟೆ ಕೊಡು."

ನಾನು ತಟ್ಟೆ ಹಿಡಿದು ನಿಂತೆ. ಅತ್ತೆಯನ್ನು ಹೆಸರಿಟ್ಟು ಕರೆಯುವುದು ನನ್ನಿಂದ ಆಗುವ ಕೆಲಸವಲ್ಲ. ನಡುಮನೆಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದ ನಯನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಅಂತ ನಮಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಕೂಗಿದಳು:

"ಬಂಗಾರೀ!"

"ಓ" ಅಂದರು ಅತ್ತೆ. ಯೋಚಿಸಿ ಅಂದದ್ದಲ್ಲ. ಕೈ ಹಿಟ್ಟಿನಲ್ಲೇ ಇತ್ತು, ಕಣ್ಣು ಹೆಂಚಿನ ಮೇಲೇ ಇತ್ತು. ದನಿ ಮಾತ್ರ ಅವರದ್ದಲ್ಲ, ಹಿತ್ತಲಲ್ಲಿ ಆಡುತ್ತಾ ಓಗೊಡುವ ಯಾವುದೋ ಹುಡುಗಿಯದು.